ಕೈಗುಣದ ಪರೀಕ್ಷೆ

ಮನುಷ್ಯನಿಗೆ ವಿದ್ಯೆ ಸ್ವಲ್ಪ ಕಡಿಮೆಯಿದ್ದರೂ ನಡೆಯುತ್ತದೆ, ಕೈಗುಣ ಇರಬೇಕು. ನನಗಿತ್ತು. ನಾನೇ ಹೇಳಿಕೊಳ್ಳಬಾರದು, ಆದರೆ ಬಸವಕಲ್ಯಾಣದ ನಮ್ಮ ಓಣಿಯಲ್ಲಿ ಬೇರೆ ಯಾರೂ ಹೇಳುವುದಿಲ್ಲವಾದ್ದರಿಂದ ನಾನೇ ಹೇಳಬೇಕು. ಎಳ್ಳಮಾವಾಸ್ಯೆಗೆ ಹೊಲಕ್ಕೆ ಒಯ್ಯುವ ಅಂಬಲಿಯನ್ನು ಮದುವೆಯಾದಾಗಿನಿಂದ ಕಲಸುತ್ತ ಬಂದವನು ನಾನು. ಜೋಳದ ಹಿಟ್ಟಿನ ಗಂಜಿಗೆ ಮಜ್ಜಿಗೆ ಸುರಿದು, ಗಡಿಗೆಯೊಳಗೆ ಮೊಣಕೈವರೆಗೆ ಕೈ ಇಳಿಸಿ ತಿರುವಿದೆನೆಂದರೆ ಬೆಳಗಾಗುವಷ್ಟರಲ್ಲಿ ಹದವಾದ ಹುಳಿ.

ಈ ವೈಭವಕ್ಕೆ ಕಲ್ಲು ಹಾಕಿದವಳು ನನ್ನ ಅಣ್ಣನ ಮಗಳು ಶಕುಂತಲಾ. ಯೂನಿವರ್ಸಿಟಿಯಲ್ಲಿ ಕಣ್ಣಿಗೆ ಕಾಣದ ಜೀವಿಗಳನ್ನು ಓದುತ್ತಿದ್ದಳು. ಹುಮನಾಬಾದಿನ ದವಾಖಾನೆಯೊಂದರ ಲ್ಯಾಬಿನಲ್ಲಿ ತರಬೇತಿ. ಕಾಣದ್ದನ್ನು ಓದಲು ಪುಸ್ತಕ ಯಾಕೆ ಎಂದು ನಾನು ಚುಡಾಯಿಸುತ್ತಿದ್ದೆ. ಅಮಾವಾಸ್ಯೆಗೆ ವಾರವಿರುವಾಗ ಅವಳೊಂದು ಮುಚ್ಚಳವಿದ್ದ ಗಾಜಿನ ತಟ್ಟೆ ತಂದಳು. ಒಳಗೆ ಹೆಪ್ಪುಗಟ್ಟಿದ ಚಹಾದಂಥದ್ದೇನೋ.

"ಕಾಕಾ, ಇದರ ಮ್ಯಾಲ ಬೆರಳ ಒತ್ತ್ರಿ. ಕೈಯಾಗಿನ ಜೀವ ಇದರಾಗ ಬೆಳೀತಾವ, ನಿಮ್ಮ ಕೈಯಾಗ ಏನೇನ್ ಅದ ತೋರಸ್ತೀನಿ."

"ಕೈಗುಣ ಅದ ನೋಡವ್ವ!"

ಒಲೆಯ ಮುಂದಿನಿಂದಲೇ ಹೆಂಡತಿ ತೀರ್ಪು ಕೊಟ್ಟಳು: "ಏನಾರ ಬೆಳೀತಂದ್ರ ಈ ವರ್ಷ ಅಂಬಲಿ ಗಡಗೀಗಿ ನಿಮ್ಮ ಕೈ ಇಲ್ಲ. ಸೌಟೇ ಗತಿ."

ನಾನು ಸೋಲುವ ಆಸಾಮಿಯೇ? ಹಿತ್ತಲಿಗೆ ಹೋಗಿ ಕೆಂಪು ಸಾಬೂನು ಸವೆಯುವಂತೆ ಕೈ ಉಜ್ಜಿ, ಹೆಗಲ ಮೇಲಿನ ಟವೆಲ್ಲಿಗೆ ಒರೆಸಿಕೊಂಡು ಬಂದು, ಮಹಾರಾಜರು ಮುದ್ರೆಯೊತ್ತಿದಂತೆ ಬೆರಳೊತ್ತಿದೆ. ಬಸ್ಸಿನ ಸೀಟು, ಎತ್ತಿನ ಬೆನ್ನು, ನನ್ನ ಮೂಗು, ಎಲ್ಲಕ್ಕೂ ಅದೇ ಟವೆಲ್ಲು ಎಂಬುದು ಆಗ ನೆನಪಾಗಲಿಲ್ಲ.

ಲ್ಯಾಬಿನ ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟು ಅವಳು ತಟ್ಟೆಯನ್ನು ಮರಳಿ ತಂದಾಗ, ನಾನು ಅದನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದೆ. ಬೆರಳಿನ ಆಕಾರದಲ್ಲೇ ಊರೊಂದು ಎದ್ದಿತ್ತು! ಕುಸುಬಿ ಹೂವಿನ ಹಳದಿ, ಬಿಳಿಜೋಳದ ಕಾಳಿನ ಹೊಳಪು, ಅಂಚಿಗೊಂದು ಕೇಸರಿ ಚುಕ್ಕೆ.

"ಒಂದೊಂದ್ ಚುಕ್ಕ್ಯಾಗ ಲಕ್ಷಗಟ್ಟಲೆ ಜೀವ ಅವ, ಕಾಕಾ."

ನಾನು ನೋಡುತ್ತಲೇ ಕುಳಿತೆ. ಇವರೆಲ್ಲ ಇಷ್ಟು ವರ್ಷ ನನ್ನ ಜೊತೆಗೇ ಉಂಡು, ಮಲಗಿ, ಒಮ್ಮೆಯೂ ನಮಸ್ಕಾರ ಅಂದಿರಲಿಲ್ಲವಲ್ಲ!

"ಹಿಂಗ್ಯಾಕ ನೋಡಾಕತ್ತೀರಿ? ಇಷ್ಟ ಮಂದೀನ ಇಟ್ಕೊಂಡು, ಒಬ್ಬನೇ ಕಲಸ್ತೀನಿ ಅಂತ ಬಡಾಯಿ ಹೊಡೀತಿದ್ರಲ್ರೀ!" ಎಂದಳು ಹೆಂಡತಿ.

ಆ ವರ್ಷ ಗಡಿಗೆಗೆ ಸೌಟೇ ಇಳಿಯಿತು. ಹುಳಿ ಬರಲಿಕ್ಕಿಲ್ಲವೆಂದು ನಾನು ಬಹಳ ಆಸೆಯಿಂದ ಕಾದೆ. ಬಂತು. "ಅದು ಮಜ್ಜಿಗ್ಯಾಗಿನ ಜೀವಗೋಳ ಕೆಲಸ ಕಾಕಾ" ಎಂದಳು ಶಕುಂತಲಾ. ಹೊಲದಲ್ಲಿ ಮೋರಖಂಡಿಯ ಬೀಗರು ಮತ್ತೆ ಬಟ್ಟಲು ಒಡ್ಡಿ, "ಬೀಗರ, ನಿಮ್ಮ ಕೈಗುಣಾನೇ ಬ್ಯಾರೆ ನೋಡ್ರಿ!" ಎಂದರು. ಹೆಂಡತಿ ಸೌಟಿನ ಕಡೆ ನೋಡಿದಳು. ನಾನು ತೊಳೆದ ಕೈಯನ್ನು ಟವೆಲ್ಲಿಗೆ ಒರೆಸದೆ ಗಾಳಿಗೆ ಹಿಡಿದು, "ಹೌದ್ರಿ, ಮೊದಲಿಂದಾನೂ ಹಂಗೇ" ಎಂದೆ.