ಸಾಹುಕಾರರ ಆರು ಕಣ್ಣು

ರಾಜಕೀಯ ಪಕ್ಷಗಳ ತತ್ವ-ಸಿದ್ಧಾಂತಗಳನ್ನು ನನ್ನಷ್ಟು ಬಲ್ಲವರು ನಾಲ್ಕು ತಾಲೂಕಿನಲ್ಲಿ ಇರಲಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಎಲ್ಲಿ ಬೇಕಾದರೂ ಹುಡುಕಿ! ಈ ಮಾತನ್ನು ನಾನೇ ಹೇಳಿಕೊಳ್ಳುತ್ತಿದ್ದೆ, ಏಕೆಂದರೆ ಬೇರೆ ಯಾರೂ ಹೇಳುತ್ತಿರಲಿಲ್ಲ.

ನಾನು ಆಗ ಮೋರಟಗಿಯಲ್ಲಿ ಚಿತ್ರಕಲೆಯ ಮಾಸ್ತರ. ನಾಗರಿಕ ಶಾಸ್ತ್ರಕ್ಕೆ ಯಾರೂ ಇಲ್ಲವೆಂದು ಹೆಡ್ ಮಾಸ್ತರರು ಅದನ್ನೂ ನನ್ನ ಕೊರಳಿಗೆ ಕಟ್ಟಿದ್ದರು. ಕಟ್ಟಿದ ಮೇಲೆ ಬಿಡುವುದುಂಟೆ? ಇನ್ನೂರು ಪುಟದ ವಹಿಯಲ್ಲಿ ಗೆರೆ ಎಳೆದು, ಯಾವ ಪಕ್ಷ ಭೂಮಿಯ ಬಗ್ಗೆ ಏನು ಹೇಳುತ್ತದೆ, ನೀರಿನ ಬಗ್ಗೆ ಏನು ಹೇಳುತ್ತದೆ ಎಂದು ಪಟ್ಟಿ ಮಾಡಿದೆ. ಮೊದಲ ವರ್ಷ ಶಾಯಿಯಲ್ಲಿ ಬರೆದೆ. ಎರಡನೆಯ ವರ್ಷ ಅದನ್ನು ಹೊಡೆದುಹಾಕಿ ಮಗ್ಗುಲಲ್ಲಿ ಬರೆದೆ. ಮೂರನೆಯ ವರ್ಷ ಪೆನ್ಸಿಲ್ ಹಿಡಿದೆ. ತುರ್ತು ಪರಿಸ್ಥಿತಿ ಮುಗಿದ ವರ್ಷ ಅಳಿಸಿ ಅಳಿಸಿ ಹಾಳೆಯೇ ಹರಿದುಹೋಯಿತು!

ಮನೆ ಮಾತ್ರ ದೂರದ ಗೊಳಸಂಗಿಯಲ್ಲಿತ್ತು. ಅಲ್ಲಿ ಹೆಂಡತಿ ಗಂಗಾ, ಐದು ವರ್ಷದ ಮಗಳು ಶಾಂತಾ. ಶನಿವಾರ ಬಸ್ಸು ಬದಲಿಸಿ ಬದಲಿಸಿ ಮನೆ ಮುಟ್ಟುವುದು, ಸೋಮವಾರ ನಸುಕಿಗೆ ಎದ್ದು ಓಡುವುದು. ಮಗಳು ನನಗೆ 'ಶನಿವಾರದಪ್ಪ' ಎಂದು ಹೆಸರಿಟ್ಟಿದ್ದಳು. ಒಮ್ಮೆ ಜ್ವರ ಬಂದು ಬುಧವಾರವೇ ಬಂದರೆ, "ಇವತ್ತ ಶನಿವಾರ ಅಲ್ಲ" ಎಂದು ಒಳಗಿನಿಂದ ಚಿಲಕ ಹಾಕಿಬಿಟ್ಟಳು. ಓಣಿಯವರೆಲ್ಲ ನಕ್ಕರು. ನಾನು ಹೊರಗೆ ಕಟ್ಟೆಯ ಮೇಲೆ ಕುಳಿತು ಅತ್ತೆ, ಜ್ವರದ ನೆಪದಲ್ಲಿ.

ಮದುವೆಯಾದಾಗಿನಿಂದ ಕೇಳುತ್ತಿದ್ದ ಗೊಳಸಂಗಿಯ ವರ್ಗವನ್ನು ಈ ಸಲ ಮಾಡಿಸಿಕೊಳ್ಳಲೇಬೇಕು ಎಂದು ಅವತ್ತೇ ತೀರ್ಮಾನಿಸಿದೆ. ವರ್ಗವಾಗಬೇಕಾದರೆ ದುಂಡಪ್ಪ ಸಾಹುಕಾರರ ಚೀಟಿ ಬೇಕು. ಅವರು ನಮ್ಮ ಭಾಗದ ಪುಢಾರಿ. ಚೀಟಿ ಬೇಕಾದರೆ ಅವರ ಪ್ರಚಾರಕ್ಕೆ ನಮ್ಮ ಮನೆಯ ಗೋಡೆ ಕೊಡಬೇಕು, ಏಕೆಂದರೆ ಅದು ಬಸ್ ನಿಲ್ಲುವ ಜಾಗಕ್ಕೆ ಎದುರಿಗಿತ್ತು. ಮಗಳು ಹುಟ್ಟುವ ಎಷ್ಟೋ ಮೊದಲು ಬಂದ ಮೊದಲ ಚುನಾವಣೆಯಲ್ಲಿ ಸಾಹುಕಾರರು ಏಣಿಯ ಗುರುತಿನ ಪಕ್ಷದಲ್ಲಿದ್ದರು. ನಾನು ಕೆಮ್ಮಣ್ಣು ಕಲಸಿ ಆಳೆತ್ತರದ ಅವರ ಮುಖ ಬರೆದು, ಕೆಳಗೆ 'ಉಳುವವನಿಗೇ ಭೂಮಿ' ಎಂದು ಬರೆದೆ. ಎರಡನೆಯ ಸಲ ಅವರು ಕಂದೀಲಿನ ಪಕ್ಷಕ್ಕೆ ಹೋದರು. ಸುಣ್ಣ ಬಳಿದು ಮತ್ತೆ ಮುಖ ಬರೆದೆ, ಕೆಳಗೆ 'ಒಡೆಯನ ಹೊಲ ಒಡೆಯನಿಗೇ'. ಮೂರನೆಯ ಸಲ ಬೀಸುಕಲ್ಲಿನ ಪಕ್ಷ. ಮತ್ತೆ ಸುಣ್ಣ, ಮತ್ತೆ ಮುಖ, ಕೆಳಗೆ 'ಮೊದಲು ನೀರು, ಭೂಮಿಯ ಮಾತು ಆಮೇಲೆ'. ಸರ್ಕಾರಿ ನೌಕರ ಹೀಗೆ ಬರೆಯಬಾರದಲ್ಲ, ಅದಕ್ಕೆ ಮೂಲೆಯಲ್ಲಿ 'ಗಂಗಾ ಆರ್ಟ್ಸ್' ಎಂದು ರುಜು ಹಾಕುತ್ತಿದ್ದೆ. ಗಂಗಾ ಜನ್ಮದಲ್ಲಿ ಕುಂಚ ಹಿಡಿದವಳಲ್ಲ!

ಪ್ರತಿ ಸಲ ಸಾಹುಕಾರರು, "ಆರಿಸಿ ಬಂದ ಮರುದಿನ ನಿಮ್ಮ ವರ್ಗ, ಮಾಸ್ತರ" ಎನ್ನುತ್ತಿದ್ದರು, ಆರಿಸಿ ಬಂದ ಮೇಲೆ ಮರೆಯುತ್ತಿದ್ದರು. ಪ್ರತಿ ಸಲ ನಾನು ವಹಿ ತೆಗೆದು, ಅವರು ಹೋದ ಪಕ್ಷದ ತತ್ವವೇ ಶ್ರೇಷ್ಠವೆಂದು ಕಾರಣಸಹಿತ ನನಗೆ ನಾನೇ ಒಪ್ಪಿಸಿಕೊಳ್ಳುತ್ತಿದ್ದೆ. ನಾಚಿಕೆಯಾಗುತ್ತದೆ, ಆದರೆ ನಿಜ.

ಆ ವರ್ಷ ಶ್ರಾವಣದಲ್ಲಿ ಸುದ್ದಿ ಬಂತು: ಸಾಹುಕಾರರು ತಿರುಗಿ ಏಣಿಯ ಪಕ್ಷಕ್ಕೆ ಸೇರಿದರು. ರವಿವಾರ ಸಂಜೆ ನಮ್ಮ ಗೋಡೆಯ ಮುಂದೆಯೇ ಸಭೆ. ವರ್ಗದ ಚೀಟಿ ಬರೆದು ಜೇಬಿನಲ್ಲೇ ಇಟ್ಟುಕೊಂಡು ಬರುತ್ತಾರಂತೆ! ಆದರೆ ಗೋಡೆಯ ಮೇಲೆ ಇನ್ನೂ ಬೀಸುಕಲ್ಲು ಕುಳಿತಿತ್ತು.

"ಸುಣ್ಣ ಬಳಿದ್ರ ಮುಗೀತು," ಎಂದೆ ನಾನು.

"ಈ ಜಡಿಮಳಿಯಾಗ ಸುಣ್ಣ ಆರತೈತೇನ್ರಿ?" ಎಂದಳು ಗಂಗಾ.

"ಮೂರು ಸಲ ಬಳದೇನಿ. ನನಗ ಕಲಸ್ತೀಯೇನು?"

ಮೂರು ಸಲವೂ ಬಿಸಿಲಿದ್ದಾಗ ಬಳಿದಿದ್ದೆ ಎಂಬುದು ನೆನಪಾಗಲಿಲ್ಲ.

ರವಿವಾರ ಮುಂಜಾನೆಯಿಂದ ಸೂರ್ಯನೇ ಮೂಡಲಿಲ್ಲ. ಹನಿ ನಿಂತರೂ ಮೋಡ ಛಾವಣಿಗೆ ತಾಗುವಷ್ಟು ಕೆಳಗಿತ್ತು. ಸುಣ್ಣದ ಕಲ್ಲಿಗೆ ನೀರು ಹಾಕಿದೆ. ಒಲೆಯಿಲ್ಲ, ಬೆಂಕಿಯಿಲ್ಲ, ಆದರೂ ಹಂಡೆ ಬುಸುಗುಟ್ಟುತ್ತ ಕುದಿಯತೊಡಗಿತು. ನೂರು ಸಲ ನೋಡಿದ್ದೇನೆ. ಅವತ್ತು ಮಾತ್ರ ಒಳಗೆ ಯಾರೋ ಉಸಿರಾಡುತ್ತಿದ್ದಾರೆ ಅನಿಸಿತು.

ಒಂದು ಕೈ ಬಳಿದು ಊಟಕ್ಕೆ ಕುಳಿತೆ. ಎರಡನೆಯ ರೊಟ್ಟಿ ಮುರಿಯುವಾಗ ಹೊರಗೆ ನಾಯಿ ಬೊಗಳತೊಡಗಿತು. ಎದ್ದು ನೋಡಿದೆ. ನಮ್ಮ ನಾಯಿ ಗೋಡೆಗೆ ಎದುರಾಗಿ ನಿಂತು ಬೊಗಳುತ್ತಿತ್ತು. ಬಿಳಿಯಾಗಬೇಕಿದ್ದ ಗೋಡೆ ಬೂದಿಬಣ್ಣಕ್ಕೆ ತಿರುಗಿತ್ತು. ಅದರೊಳಗಿನಿಂದ ಚಷ್ಮಾ ಹಾಕಿದ ಸಾಹುಕಾರರು ನನ್ನನ್ನೇ ನೋಡುತ್ತಿದ್ದರು!

ಹಸಿ ಸುಣ್ಣ ಒಣಗುವವರೆಗೆ ನೀರಿನ ಹಾಗೆ, ಹಿಂದಿನದೆಲ್ಲ ಕಾಣುತ್ತದೆ. ಇದು ಸುಣ್ಣ ಬಳಿಯುವ ಯಾವ ಆಳಿಗಾದರೂ ಗೊತ್ತು. ನಾನು ಆಳಲ್ಲವಲ್ಲ, ಮಾಸ್ತರ! ತೆಳುವಾಯಿತೆಂದು ತಿಳಿದು ಎರಡನೆಯ ಕೈ ದಪ್ಪಗೆ ಬಳಿದೆ. ಗೋಡೆ ಇನ್ನಷ್ಟು ನೆನೆಯಿತು. ಚಷ್ಮಾದ ಮಗ್ಗುಲಲ್ಲಿ ಮೆಲ್ಲಗೆ ಇನ್ನೊಂದು ಮುಖ ಮೂಡಿತು, ಟೋಪಿ ಹಾಕಿದ ಸಾಹುಕಾರರು. ಕಂದೀಲೂ ಬಂತು.

"ಆರಾಕ ಬಿಡ್ರಿ, ಕೈ ಮುಗೀತೇನಿ," ಎಂದಳು ಗಂಗಾ.

ಬಿಟ್ಟೇನೆಯೇ? ಹಸಿ ಗೋಣಿತಟ್ಟು ತಂದು ಗಸಗಸ ತಿಕ್ಕಿದೆ. ತಟ್ಟಿನ ನೀರಿಗೆ ಗೋಡೆ ಒಳಗಿನ ಪದರಿನವರೆಗೂ ನೆನೆಯಿತು. ಎಲ್ಲಕ್ಕಿಂತ ಒಳಗಿದ್ದ ಮೂರನೆಯವರು, ಕಪ್ಪು ಮೀಸೆಯ ತರುಣ ಸಾಹುಕಾರರು, ಹೊರಗೆ ಬಂದರು. ಈಗ ಆರು ಕಣ್ಣು. ನಾನು ಎಡಕ್ಕೆ ಸರಿದರೆ ಎಡಕ್ಕೆ ನೋಡಿದವು, ಬಲಕ್ಕೆ ಸರಿದರೆ ಬಲಕ್ಕೆ. ಕೆಮ್ಮಣ್ಣು ನೆನೆದು ಒಂದೊಂದು ಕಣ್ಣಿನಿಂದಲೂ ಕೆಂಪು ನೀರು ಇಳಿಯುತ್ತಿತ್ತು.

ಮಗ್ಗುಲ ಮನೆಯ ನೀಲಜ್ಜಿ ಬಂದು ನೋಡಿ ಸೆರಗು ಹೊದ್ದುಕೊಂಡಳು. "ಗ್ವಾಡಿಗೆ ಕಿವಿ ಇರ್ತಾವ ಅಂತ ಕೇಳಿದ್ನಿ. ಬಾಯೂ ಇರ್ತಾವ ಅಂತ ಇವತ್ತ ಗೊತ್ತಾತು, ತಮ್ಮಾ."

ಅಷ್ಟರಲ್ಲಿ ಜೀಪು ಬಂತು. ಗೋಡೆಗೆ ತಾಗಿಸಿ ಕಟ್ಟಿದ್ದ ತಗಡಿನ ಚಪ್ಪರದ ಕೆಳಗೆ ಕುರ್ಚಿ ಹಾಕಿದ್ದರು. ಸಾಹುಕಾರರು ಛತ್ರಿಯ ಕೆಳಗೆ ತಲೆ ಬಗ್ಗಿಸಿಕೊಂಡು ಬಂದು, ಗೋಡೆಗೆ ಬೆನ್ನು ಮಾಡಿ ನಿಂತರು. ನನ್ನನ್ನು ನೋಡಿ ಜೇಬು ತಟ್ಟಿದರು. ಚೀಟಿ! ನಾನು ಕೈಯಲ್ಲಿ ಸುಣ್ಣದ ಬಕೆಟ್ ಹಿಡಿದುಕೊಂಡೇ ನಕ್ಕೆ.

ಐದು ಗಂಟೆಗೇ ಕತ್ತಲು ಕವಿದಿತ್ತು. ಯಾರೋ ಗ್ಯಾಸ್ ಬತ್ತಿ ತಂದಿಟ್ಟರು. ಬೆಳಕು ಬಿದ್ದೊಡನೆ ಆರೂ ಕಣ್ಣು ಮಿಂಚಿದವು.

"ನಾ ಆಡಿದ ಮಾತ ಬದಲಿಸಿದಾಂವ ಅಲ್ಲ!" ಎಂದು ಸಾಹುಕಾರರು ಶುರುಮಾಡಿದರು. "ಉಳೋರಿಗೇ ಭೂಮಿ ಅಂದೇನಿ. ಸಾಯೂತನಾ ಅದನ್ನ ಅಂತೇನಿ!"

ಚಪ್ಪಾಳೆ ಬೀಳಲಿಲ್ಲ. ಇನ್ನೂರು ಜನ ಸಾಹುಕಾರರನ್ನು ಬಿಟ್ಟು ಅವರ ತಲೆಯ ಮೇಲೆ ನೋಡುತ್ತಿದ್ದರು. ತಗಡಿನಿಂದ ಹನಿ ಬೀಳುವ ಸದ್ದೊಂದೇ ಕೇಳುತ್ತಿತ್ತು. ಜನ ತಮ್ಮ ಮಾತಿಗೆ ಮರುಳಾಗಿದ್ದಾರೆಂದು ತಿಳಿದು ಅವರು ದನಿ ಏರಿಸಿದರು. ಹಿಂದಿನಿಂದ ಕೆಂಪು ನೀರು ಜೋರಾಗಿ ಇಳಿಯಿತು. ಒಂದು ಕೂಸು ಕಿಟಾರನೆ ಚೀರಿತು. ನೀಲಜ್ಜಿ ಕೈ ಮುಗಿದಳು. ಮುಂದಿನ ಸಾಲಿನವರು ಒಬ್ಬೊಬ್ಬರೇ ಎದ್ದು, ಬೆನ್ನು ತಿರುಗಿಸದೆ ಹಿಂದಕ್ಕೆ ಸರಿಯತೊಡಗಿದರು.

ಆಗ ಸಾಹುಕಾರರು ಆಸರೆಗೆಂದು ಗೋಡೆಗೆ ಕೈ ಇಟ್ಟರು. ಅಂಗೈ ತಣ್ಣಗಾಗಿ ಕೆಂಪಾಯಿತು. ತಿರುಗಿ ನೋಡಿದರು.

ಒಂದೊಂದೇ ಮುಖವನ್ನು ಬೆರಳಿನಿಂದ ಮುಟ್ಟಿ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು.

"ಮೂರೂ ನಾನ ಏನ್ರಿ, ಮಾಸ್ತರ?" ಎಂದರು, ಸಣ್ಣ ದನಿಯಲ್ಲಿ.

"ಹೌದ್ರಿ."

"ಇದರಾಗ ಈಗಿನಾಂವ ಯಾಂವ?"

ನನ್ನ ಇನ್ನೂರು ಪುಟದ ವಹಿಯಲ್ಲಿ ಈ ಪಟ್ಟಿ ಇರಲಿಲ್ಲ. ಅವರು ಮೀಸೆಯ ಮುಖದ ಕೆಳಗೆ ಬರೆದದ್ದನ್ನು ಓದಿದರು: 'ಉಳುವವನಿಗೇ ಭೂಮಿ'. ಇವತ್ತಿನ ಭಾಷಣವೂ ಅದೇ! ನಾನು ಏನೂ ಬಳಿಯದೆ ಅದೊಂದನ್ನು ಉಳಿಸಿಕೊಂಡಿದ್ದರೆ ಸಾಕಿತ್ತು. ಆಮೇಲೆ ಅವರ ಬೆರಳು ಮೂಲೆಗೆ ಹೋಯಿತು. ಗಂಗಾ ಆರ್ಟ್ಸ್. ಗಂಗಾ ಆರ್ಟ್ಸ್. ಗಂಗಾ ಆರ್ಟ್ಸ್.

"ನಾ ಪುಢಾರಿ, ಗಾಳಿ ಬಂದಾಗ ತೂರ್ಕೋತೇನಿ. ನೀವು ಸಾಲಿ ಮಾಸ್ತರು. ಮೂರೂ ಸಲ ನೀವ ಯಾಕ ಬರದ್ರಿ?"

"ವರ್ಗಕ್ಕರಿ," ಎಂದೆ. ಸುಳ್ಳು ಹೇಳಲು ಆ ಆರು ಕಣ್ಣುಗಳು ಬಿಡಲಿಲ್ಲ.

"ಹಂಗಾರ ನಂದೂ ಅದ ಅನ್ರಿ. ನಾನೂ ಒಂದ ಕುರ್ಚಿಯಿಂದ ಇನ್ನೊಂದಕ್ಕ ವರ್ಗ ಕೇಳಕೋತ ತಿರಗಾಕತ್ತೇನಿ," ಎಂದು, ಜೇಬಿನ ಚೀಟಿಯನ್ನು ಇನ್ನೂ ಆಳಕ್ಕೆ ತುರುಕಿಕೊಂಡು ಜೀಪು ಹತ್ತಿದರು.

ಮರುದಿನ ಸೋಮವಾರ ರಜೆ ಹಾಕಿ ಮನೆಯಲ್ಲೇ ಉಳಿದೆ. ಚಳ್ಳನೆ ಬಿಸಿಲು ಬಿತ್ತು. ಮೇಲೆ ಇಳಿದಿದ್ದ ಕೆಂಪು ನೀರನ್ನು ಒರೆಸಿದೆ; ಮಧ್ಯಾಹ್ನಕ್ಕೆ ಸುಣ್ಣ ಆರಿ ಗೋಡೆ ಹಾಲಿನಷ್ಟು ಬೆಳ್ಳಗಿತ್ತು. ಕಣ್ಣಿಲ್ಲ, ಮೀಸೆಯಿಲ್ಲ, ಒಂದಕ್ಷರವೂ ಇಲ್ಲ. ಗಂಗಾ ಬಾಗಿಲಲ್ಲಿ ನಿಂತು, "ನಿನ್ನಿ ಉಂಡು ಮಕ್ಕೊಂಡಿದ್ರ ಆಗ್ತಿತ್ತು," ಎಂದಳು. ಇಷ್ಟೇ ಅಂದದ್ದು.

ವರ್ಗ ಬಂತು, ಬರಲಿಲ್ಲವೆಂದಲ್ಲ! ಇಂಡಿ ತಾಲೂಕಿನ ಕಟ್ಟಕಡೆಯ ಊರಿಗೆ. ಅಲ್ಲಿಂದ ತಿಂಗಳಿಗೊಮ್ಮೆ ಮನೆಗೆ ಬರುವುದಾಗುತ್ತದೆ, ಅದೂ ಅಮಾವಾಸ್ಯೆಯ ಆಚೀಚೆ. ಮಗಳು ಹೆಸರು ಬದಲಿಸಿದ್ದಾಳೆ. ಈಗ ನಾನು 'ಅಮಾಸಿ ಅಪ್ಪ'.

ಮೊನ್ನೆ ಬಂದವನು ಕಟ್ಟೆಯ ಮೇಲೆ ಕುಳಿತಿದ್ದೆ. ಶಾಂತಾ ಚರಗಿಯ ನೀರಿನಲ್ಲಿ ಕೈ ಅದ್ದಿ ಅದ್ದಿ ನನ್ನ ಮುಖಕ್ಕೆ ಬಳಿದಳು. ಆಮೇಲೆ ಎದುರಿಗೆ ಕುಕ್ಕರಗಾಲಿನಲ್ಲಿ ಕುಳಿತು, ರೆಪ್ಪೆ ಮಿಟುಕಿಸದೆ ನೋಡತೊಡಗಿದಳು.

"ಏನ್ ನೋಡಾಕತ್ತಿ, ಅವ್ವಿ?" ಎಂದೆ.

"ಸುಮ್ಕ ಕುಂಡ್ರು. ಒಳಗ ಶನಿವಾರದಪ್ಪ ಅದಾನೇನು, ನೋಡ್ತೇನಿ."

"ಇಲ್ಲವ್ವಾ," ಎಂದೆ, ಮುಖ ಒರೆಸಿಕೊಳ್ಳುತ್ತ. "ಅವಗ ವರ್ಗ ಆತು."