ಸೇತುವೆಯ ಸಿಲಬಸ್ಸು

ಬಹಳ ಹಿಂದೆ, ಅಂದರೆ ಇದು ನಮ್ಮದೇ ಕಥೆ ಎಂದು ಯಾರೂ ಮುನಿಸಿಕೊಳ್ಳಲಾಗದಷ್ಟು ಹಿಂದೆ, ಅಪೇಕ್ಷಾಪುರವೆಂಬ ರಾಜ್ಯವಿತ್ತು. ಅಲ್ಲಿ ಮರಿಸ್ವಾಮಯ್ಯ ಎಂಬ ಮೇಷ್ಟರು ಗಣಿತ ಕಲಿಸುತ್ತಿದ್ದರು. ಶಾಲೆ ಹಳ್ಳದ ಆಚೆ, ಮಕ್ಕಳ ಮನೆಗಳು ಈಚೆ. ಸೊಂಟಮಟ್ಟದ ನೀರು ದಾಟಿ ಬರುವ ಮಕ್ಕಳಿಗೆ ಅರ್ಧ ಹೊತ್ತು ಬಟ್ಟೆ ಒಣಗಿಸುವುದರಲ್ಲೇ ಕಳೆಯುತ್ತಿತ್ತು. ಸೇತುವೆ ಕಟ್ಟಿಸಿಕೊಡಿ ಎಂದು ಊರವರ ಪರವಾಗಿ ಅರಮನೆಗೆ ಬರೆದೂ ಬರೆದೂ ಮೇಷ್ಟರು ಸುಸ್ತಾಗಿದ್ದರು.

ಹೀಗಿರಲು ಶ್ರೀಮನ್ಮಹಾರಾಜ ಉತ್ಸಾಹವರ್ಮರು ವಿದೇಶ ಪ್ರವಾಸ ಮುಗಿಸಿ, ಒಂದು ಹೊಸ ಕೋಟು ಮತ್ತು ಒಂದು ಹೊಸ ವಾಕ್ಯದೊಂದಿಗೆ ಮರಳಿದರು. ವಾಕ್ಯ ಇದು: "ಇನ್ನು ಮುಂದೆ ಬೇಡಿಕೆಯಿರುವ ವಿಷಯಗಳನ್ನಷ್ಟೇ ಕಲಿಸತಕ್ಕದ್ದು!"

"ಆಹಾ, ವಿಷನ್ ಅಂದರೆ ಪ್ರಭುಗಳದ್ದು!" ಎಂದು ವಿದ್ಯಾಮಂತ್ರಿ ಅನುಕೂಲಸೇನರು ನೆಲಮುಟ್ಟ ಬಾಗಿದರು. ಬೇಡಿಕೆ ಎಲ್ಲಿರುತ್ತದೆಂದು ಅವರಿಗೇನೂ ಗೊತ್ತಿರಲಿಲ್ಲ. ಹುಡುಕಿದರೆ ಅರಮನೆಯ ಹಿತ್ತಲಲ್ಲೇ ಇತ್ತು! ಪ್ರಜೆಗಳು ವರ್ಷಗಟ್ಟಲೆ ಕಳಿಸಿದ ಬೇಡಿಕೆಗಳು, ಮೂಟೆಗಟ್ಟಲೆ, ಬಿಚ್ಚದೆ ಬಿದ್ದಿದ್ದವು. ಡೇಟಾ ಎಂದರೆ ಇದೇ ಎಂದು ಮಂತ್ರಿಗಳಿಗೆ ರೋಮಾಂಚನವಾಯಿತು. ಕುಡಿಯುವ ನೀರು, ಬೀದಿದೀಪ, ಸೇತುವೆ, ದನದ ಡಾಕ್ಟರು, ಇವೆಲ್ಲ ಮರುದಿನವೇ ಪಠ್ಯವಿಷಯಗಳಾದವು. ಗಣಿತ ಬೇಕೆಂದು ಯಾವ ಊರಿನವರೂ ಬರೆದಿರಲಿಲ್ಲ, ಆದ್ದರಿಂದ ಅದನ್ನು ಕೈಬಿಡಲಾಯಿತು. ಮೇಷ್ಟರುಗಳೆಲ್ಲ ಬೇಡಿಕೆಯ ವಿಷಯವೊಂದನ್ನು ಆರಿಸಿಕೊಳ್ಳಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು.

ಗಣಿತವೆಂದರೆ ಪ್ರಾಣವಾಗಿದ್ದ ಮರಿಸ್ವಾಮಯ್ಯನವರು ಗಣಿತದ ಪುಸ್ತಕ ಮುಚ್ಚಿಟ್ಟರು. ಆದರೆ ತಲೆಯಲ್ಲಿ ಒಂದು ಲೆಕ್ಕ ಕೂಡಿಬಂತು. ಸೇತುವೆ ಆರಿಸಿಕೊಂಡರೆ ಪ್ರಾಕ್ಟಿಕಲ್ಲಿಗಾದರೂ ಒಂದು ಸೇತುವೆ ಕಟ್ಟಿಸಲೇಬೇಕಲ್ಲ! ಮೇಷ್ಟರು ಪಂಚೆ ಕೊಡವಿಕೊಂಡು ಆಸ್ಥಾನಕ್ಕೆ ಹೊರಟೇಬಿಟ್ಟರು.

"ಮಹಾಸ್ವಾಮಿ, ಸೇತುವೆ ಪಾಠ ನಾನೇ ಮಾಡ್ತೀನಿ. ಆದ್ರೆ ಮಕ್ಕಳಿಗೆ ತೋರಿಸೋಕೆ ಒಂದು ಸೇತುವೆ ಬೇಕಲ್ವಾ ಬುದ್ಧಿ? ನಮ್ಮ ಹಳ್ಳದ ಮೇಲೇ ಕಟ್ಸಿಕೊಟ್ರೆ..."

"ಅದಕ್ಕೇನಂತೆ, ಕಟ್ಟಿಸೋಣ," ಎಂದರು ಅರಸರು. ಮಂತ್ರಿಗಳು ಗಾಬರಿಯಿಂದ ಸಿಂಹಾಸನದ ಬಳಿ ಓಡಿದರು.

"ಪ್ರಭೂ, ಕಟ್ಟಿಸಿಬಿಟ್ರೆ ಆಮೇಲೆ ಸೇತುವೆ ಬೇಕು ಅಂತ ಯಾರು ಕೇಳ್ತಾರೆ? ಬೇಡಿಕೆ ಬಿದ್ದುಹೋಗುತ್ತೆ. ಬೇಡಿಕೆ ಹೋದ್ರೆ ವಿಷಯ ಹೋಗುತ್ತೆ. ಪಾಪ, ಈ ಮೇಷ್ಟ್ರ ಕೆಲಸಾನೂ ಹೋಗುತ್ತೆ."

ಅರಸರ ಕಣ್ಣು ತೇವವಾಯಿತು. "ಮೇಷ್ಟರೇ, ನಿಮ್ಮ ಹೊಟ್ಟೆಯ ಮೇಲೆ ಹೊಡೆದ ಪಾಪ ನಮಗೆ ಬೇಡ," ಎಂದರು. ಅಂದೇ ಡಂಗುರ ಹೊರಟಿತು. ವಿದ್ಯೆಯ ಹಿತದೃಷ್ಟಿಯಿಂದ ಇನ್ನು ರಾಜ್ಯದಲ್ಲಿ ಯಾವ ಬೇಡಿಕೆಯನ್ನೂ ಈಡೇರಿಸತಕ್ಕದ್ದಲ್ಲ!

ವರ್ಷ ತುಂಬುವುದರೊಳಗೆ ಅಪೇಕ್ಷಾಪುರ ಬೇಡಿಕೆಯಲ್ಲಿ ನಂಬರ್ ಒನ್ ಆಯಿತು. ಅರಸರಿಗೆ 'ವಿದ್ಯಾಸೇತು' ಎಂಬ ಬಿರುದು ಬಂತು, ಮಂತ್ರಿಗಳಿಗೆ ಆನೆಯ ಮೇಲೆ ಮೆರವಣಿಗೆಯಾಯಿತು. ಆ ಖರ್ಚಿಗೆಂದು ಹಳ್ಳದ ಎರಡೂ ದಡಗಳಲ್ಲಿ ಸೇತುವೆ ಸುಂಕ ಶುರುವಾಯಿತು. ಮರಿಸ್ವಾಮಯ್ಯನವರು ಸೇತುವೆಶಾಸ್ತ್ರದ ಪ್ರೊಫೆಸರ್ ಆದರು. ಅವರ ಕ್ಲಾಸಿನ ಮಕ್ಕಳು ಸೇತುವೆಯ ದಪ್ಪ ಪುಸ್ತಕ ತಲೆಯ ಮೇಲಿಟ್ಟುಕೊಂಡು ಎಂದಿನಂತೆ ನೀರಿಗಿಳಿದು ಬರುತ್ತಿದ್ದರು.

ಒಂದು ದಿನ ಚೆಲುವಿ ಎಂಬ ಹುಡುಗಿ ಒದ್ದೆ ಲಂಗ ಹಿಂಡುತ್ತಾ ಕೇಳಿದಳು: "ಮೇಷ್ಟ್ರೇ, ಸೇತುವೆ ಯಾವಾಗ ಬರುತ್ತೆ?"

"ಪರೀಕ್ಷೆಗೆ ಬರುತ್ತಮ್ಮಾ," ಎಂದ ಮೇಷ್ಟರು ಅವಳ ಮುಖ ನೋಡಲಾರದೆ ಬೋರ್ಡಿನ ಕಡೆ ತಿರುಗಿಕೊಂಡರು.