ಪಕ್ಕದ ಮನೆಯ ಅಂಗಾಲು

ಇದೆಲ್ಲ ನಾನು ಹೇಳುವಂತೆಯೇ ನಡೆಯಿತೆಂದು ಆಣೆ ಮಾಡಲಾರೆ. ವಿಶ್ವವಿದ್ಯಾಲಯದಲ್ಲಿ ಅನುಮಾನಪಡುವುದನ್ನು ಚೆನ್ನಾಗಿ ಕಲಿತೆ. ಈಗ ನನ್ನ ನೆನಪನ್ನೇ ನಂಬುವುದಿಲ್ಲ. ಆದರೂ ಒಂದು ಮಾತು ಧೈರ್ಯವಾಗಿ ಹೇಳಬಲ್ಲೆ: ನನ್ನ ಸೋದರಮಾವನಷ್ಟು ಶಿಸ್ತಿನಿಂದ ಪಥ್ಯ ಮಾಡಿ ದಪ್ಪಗಾದ ಮನುಷ್ಯ ನಾವಿರುವ ಈ ಇಡೀ ಐರಿಷ್ ಊರು ಕ್ಲಾಂಡಾಲ್ಕಿನ್‌ನಲ್ಲಿ ಇನ್ನೊಬ್ಬನಿಲ್ಲ.

ಮಾವನಿಗೂ ಪಕ್ಕದ ಮನೆಯ ಮೆಕ್ಸಿಕೊದವನಿಗೂ ಸಕ್ಕರೆ ಕಾಯಿಲೆ ಪತ್ತೆಯಾದದ್ದು ಒಂದೇ ತಿಂಗಳಲ್ಲಿ. ಅತ್ತೆಯ ಪ್ರಕಾರ ಒಂದೇ ದಿನ. ಪಕ್ಕದವನ ಊರಿನಲ್ಲಿ ಊಟಕ್ಕೆ ನೀರಿನ ಬದಲು ಕೋಲಾ ಇಡುತ್ತಿದ್ದರಂತೆ. ಹಾಗೇ ವರ್ಷಗಟ್ಟಲೆ ಕೋಲಾ ಕುಡಿದ ಅವನಪ್ಪ, ಇದೇ ಕಾಯಿಲೆಯಿಂದ ಪಾದದ ಸಣ್ಣ ಗಾಯವೊಂದು ಮಾಯದೆ, ಒಂದು ಕಾಲನ್ನೇ ಕಳೆದುಕೊಂಡಿದ್ದರು. ಮಗನಿಗೆ ಆ ಭಯ ಇದ್ದೇ ಇತ್ತು. ಬಾಟಲಿ ಬಿಡುವುದು ಮಾತ್ರ ಆಗಿರಲಿಲ್ಲ.

ಮಾವ ಉಪಾಯ ಹೂಡಿದರು. ನಮ್ಮ ಮೈಸೂರುಪಾಕಿನ ಡಬ್ಬಿ ಅವನ ಮನೆಯಲ್ಲಿ, ಅವನ ಕೋಲಾ ನಮ್ಮ ಹಿತ್ತಲಿನ ಶೆಡ್ಡಿನಲ್ಲಿ. ಕಣ್ಣಿಗೆ ಬೀಳದಿದ್ದರೆ ಆಸೆ ಎಲ್ಲಿಂದ ಬಂದೀತು? ವಾರ ಕಳೆಯುವುದರೊಳಗೆ ಡಬ್ಬಿಯೂ ಖಾಲಿ, ಬಾಟಲಿಗಳೂ ಖಾಲಿ.

“ಏನ್ರೀ ಇದು?” ಅತ್ತೆ ಕೇಳಿದರು.

“ಅವನು ಕುಡಿದಿದ್ರೆ ಸಾಯ್ತಿದ್ದ ಕಣೇ. ಅವನ ಪ್ರಾಣ ಉಳಿಸಿದೀನಿ.”

“ನಿಮ್ಮ ಪ್ರಾಣ?”

“ಅದನ್ನ ಅವನು ಉಳಿಸಿದಾನೆ. ಮೈಸೂರುಪಾಕು ಪೂರ್ತಿ ಅವನೇ ತಿಂದ.”

ಮುಂದಿನ ತಪಾಸಣೆಯಲ್ಲಿ ನರ್ಸ್ ಇಬ್ಬರಿಗೂ ಗಂಭೀರವಾಗಿಯೇ ಹೇಳಿದರು: ಗಾಯವಾದರೆ ನಿಮಗೆ ನೋವು ಗೊತ್ತಾಗದೇ ಹೋಗಬಹುದು, ದಿನಾ ಅಂಗಾಲು ನೋಡಿಕೊಳ್ಳಿ. ನೋಡಿಕೊಳ್ಳುವುದು ಹೇಗೆ? ಕಣ್ಣಿಗೂ ಅಂಗಾಲಿಗೂ ನಡುವೆ ಹೊಟ್ಟೆ ಇತ್ತಲ್ಲ.

“ಅತ್ತೆಗೆ ಹೇಳಿ, ನೋಡ್ತಾರೆ,” ಅಂದೆ.

“ಅವಳು ಕಾಲಿಂದ ಶುರು ಮಾಡಿದ್ರೆ ಬೈಗುಳ ತಲೆ ತನಕ ಬರುತ್ತಪ್ಪ.”

ಹಾಗಾಗಿ ಸಂಜೆ ಕೆಲಸದಿಂದ ಬಂದವರೇ ಇಬ್ಬರೂ ಸಾಕ್ಸ್ ಬಿಚ್ಚಿ ಸೋಫಾದ ಎರಡು ತುದಿಗೆ ಕೂರುತ್ತಿದ್ದರು. ಒಬ್ಬರ ಪಾದ ಇನ್ನೊಬ್ಬರ ಮಡಿಲಲ್ಲಿ, ಕೈಯಲ್ಲಿ ಟಾರ್ಚು. ಮೊದಲ ದಿನ ತಮ್ಮ ಕಾಲು ಅವನಿಗೆ ಸೋಕಿದ್ದಕ್ಕೆ ಮಾವ ಅಭ್ಯಾಸಬಲದಿಂದ ಅವನ ಭುಜ ಮುಟ್ಟಿ ಕಣ್ಣಿಗೊತ್ತಿಕೊಂಡರು. ಅದೂ ತಪಾಸಣೆಯ ಭಾಗವೆಂದು ತಿಳಿದ ಪಕ್ಕದವನು ತಾನೂ ಮಾವನ ಭುಜ ಮುಟ್ಟಿ ಕಣ್ಣಿಗೊತ್ತಿಕೊಂಡ. ಅಂದಿನಿಂದ ಅದಿಲ್ಲದೆ ತಪಾಸಣೆ ಮುಗಿಯುತ್ತಿರಲಿಲ್ಲ.

“ಗ್ರ್ಯಾಂಡ್, ಮಾವಾ,” ಎನ್ನುತ್ತಿದ್ದ ಅವನು; ಇಲ್ಲಿಯವರ ಬಾಯಲ್ಲಿ ಹಾಗೆಂದರೆ ‘ಚೆನ್ನಾಗಿದೆ’ ಅಷ್ಟೇ. ನಮ್ಮ ಮನೆಯಲ್ಲಿ ಎಲ್ಲರಿಗೂ ಮಾವನಾದವರು ಅವನಿಗೂ ಮಾವನೇ.

“ನಿಂದೂ ಗ್ರ್ಯಾಂಡ್ ಐತಪ್ಪ.”

ಒಂದು ಸಂಜೆ ಮಾವ ಹಾಗೆನ್ನಲಿಲ್ಲ. ಅವನ ಹಿಮ್ಮಡಿಯಲ್ಲಿ ಕಡಲೆಯಷ್ಟು ಗಾಯ. ಅವನಿಗೆ ನೋವೇ ಇರಲಿಲ್ಲ. ನಾಳೆ ಹೋಗೋಣ ಎಂದ. ಮಾವ ಅವನನ್ನು ನೆಲಕ್ಕೆ ಕಾಲೂರಲೂ ಬಿಡದೆ, ಬೆನ್ನ ಮೇಲೆ ಹೊತ್ತು ಕಾರಿಗೆ ಕೂರಿಸಿದರು. ಹೀಗೆಂದು ನನ್ನ ನೆನಪು. ಆದರೆ ಅಷ್ಟು ದೊಡ್ಡ ದೇಹವನ್ನು, ಕಾರಿನ ಸೀಟಿನಿಂದ ಏಳಲೇ ಕಷ್ಟಪಡುವ ಮಾವ ಹೊತ್ತರೇ?

ಮೊನ್ನೆ ಪಕ್ಕದವನನ್ನೇ ಕೇಳಿದೆ. ಹೊರಲಿಲ್ಲವಂತೆ. ಮನೆಯಲ್ಲಿದ್ದ ಗಾಲಿಯ ಆಫೀಸ್ ಕುರ್ಚಿಯಲ್ಲಿ ಕೂರಿಸಿ, ಕಾರಿನ ತನಕ ಕನ್ನಡದಲ್ಲಿ ಬೈಯುತ್ತ ತಳ್ಳಿದರಂತೆ.

“ಅಳ್ತಿದ್ರು ಕೂಡ,” ಎಂದು ಇಂಗ್ಲಿಷಿನಲ್ಲಿ ಹೇಳಿದ. ಅದು ನಿಜವೇ ಎಂದು ನಾನು ಯಾರನ್ನೂ ವಿಚಾರಿಸಲು ಹೋಗಲಿಲ್ಲ.

ಆಮೇಲೆ, ಮಾವ ಇನ್ನೂ ಕೆಲಸದಿಂದ ಬಂದಿರಲಿಲ್ಲವಾದ್ದರಿಂದ, ಶೂ ಬಿಚ್ಚಿ, ಪಾದವನ್ನು ನನ್ನ ಮಡಿಲಲ್ಲಿಟ್ಟು, ನನ್ನ ಭುಜ ಮುಟ್ಟಿ ಕಣ್ಣಿಗೊತ್ತಿಕೊಂಡ. ಟಾರ್ಚು ಹಾಕಿ ನೋಡಿದೆ. ಗಾಯ ಮಾಯ್ದಿದೆ. ಕಾಲು ಇದೆ.